ಮಗಳ ಬ್ಯಾಗಲ್ಲಿ ಸಿಕ್ಕ ಪುಸ್ತಕ: ಕೇಳಲಾ, ಸುಮ್ನಿರಲಾ?

ಕೇಳಿದವರು, ಹಾಸನ:
ಮಗಳು ಮೊದಲ ಪಿಯುಸಿ. ಬಟ್ಟೆ ಒಗೆಯಲು ತೆಗೆಯುವಾಗ ಅವಳ ಬ್ಯಾಗಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ಇಬ್ಬರು ಹುಡುಗಿಯರ ಪ್ರೀತಿಯ ಕಥೆ ಅಂತ ಹಿಂದಿನ ರಟ್ಟಿನ ಮೇಲಿದೆ. ವಾಪಸ್ ಅಲ್ಲೇ ಇಟ್ಟೆ. ಅವರಪ್ಪನಿಗೆ ಹೇಳಿಲ್ಲ. ನಾನೂ ಓದೋಣ ಅಂದ್ರೆ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಇಂಥ ಪುಸ್ತಕಗಳನ್ನು ಮಕ್ಕಳ ಜೊತೆ ಓದಿದವರು ಇದ್ದರೆ ಹೇಳಿ.

ಚಿಕ್ಕಮಗಳೂರಿನಿಂದ ಒಬ್ಬ ತಾಯಿ:
ಅಕ್ಕ, ವಾಪಸ್ ಅಲ್ಲೇ ಇಟ್ಟಿರಲ್ಲ, ಒಳ್ಳೆಯದಾಯ್ತು. ನಾನು ಇಡಲಿಲ್ಲ.

ಮೂರು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲಿನ ಸಮಯ, ಮನೆ ತುಂಬ ನೆಂಟರು. ಮಗನ ಮೇಜಿನ ಮೇಲೆ ಬ್ರೌನ್ ಪೇಪರಿನ ಬೈಂಡ್ ಹಾಕಿದ ಒಂದು ಪುಸ್ತಕ. ಲೇಬಲ್ಲಲ್ಲಿ 'ಕೆಮಿಸ್ಟ್ರಿ' ಅಂತ ಅವನದೇ ಅಕ್ಷರ. ತೆರೆದರೆ ಕಾದಂಬರಿ! ಬೆಕಿ ಆಲ್ಬರ್ಟಾಲಿ ಬರೆದ 'ಸೈಮನ್ ವರ್ಸಸ್ ದ ಹೋಮೋ ಸೇಪಿಯನ್ಸ್ ಅಜೆಂಡಾ', 2015ರದ್ದು. ಒಬ್ಬ ಹುಡುಗ ಇನ್ನೊಬ್ಬ ಹುಡುಗನಿಗೆ ನಿಜ ಹೆಸರು ಹೇಳದೆ ಇಮೇಲ್ ಬರೆಯುವ ಕಥೆ. ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರೇ "ಏನೋ ಇದು, ನೀನೂ ಹಿಂಗೇನಾ?" ಅಂತ ಕೇಳಿಬಿಟ್ಟೆ. ತಟ್ಟೆಯಲ್ಲಿ ಕಡುಬು ಹಾಗೇ ಉಳಿಯಿತು. ಎರಡು ತಿಂಗಳು ನನ್ನ ಹತ್ತಿರ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿಲ್ಲ.

ಆಮೇಲೆ ಹಟಕ್ಕೆ ಬಿದ್ದು ನಾನೇ ಓದಲು ಕೂತೆ. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ದಿನಕ್ಕೆ ಐದಾರು ಪುಟ. ಆ ಕಥೆಯಲ್ಲಿ ಸೈಮನ್‌ನ ಇಮೇಲು ಒಬ್ಬ ಸಹಪಾಠಿಯ ಕಣ್ಣಿಗೆ ಬೀಳುತ್ತೆ. ಅವನು ಅದನ್ನೇ ಹಿಡಿದುಕೊಂಡು ಬೆದರಿಸುತ್ತಾನೆ. ತಾನಾಗೇ ಹೇಳಬೇಕಾದ ಮಾತನ್ನು ಬೇರೆಯವರು ಬಯಲಿಗೆಳೆದರೆ ಹೇಗಿರುತ್ತೆ ಅನ್ನೋದು ಅಲ್ಲಿದೆ. ಓದುತ್ತಾ ಓದುತ್ತಾ ಮುಖ ಬಿಸಿಯಾಯ್ತು ಕಣ್ರೀ. ಆ ರಾತ್ರಿ ಊಟದ ಮನೆಯಲ್ಲಿ ನಾನೇ ಆ ಸಹಪಾಠಿ ಆಗಿದ್ದೆ.

ಅರ್ಥವಾಗದ ಕಡೆ ಪೆನ್ಸಿಲ್ ಗೆರೆ ಹಾಕಿ ಅವನ ಮೇಜಿನ ಮೇಲಿಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದಿರುತ್ತಿದ್ದ. ಆಗಲೂ ಮಾತಿಲ್ಲ. ಒಂದು ದಿನ ಅಡುಗೆಮನೆ ಬಾಗಿಲಿಗೆ ಬಂದು ನಿಂತು, "ಅಮ್ಮ, ಓರಿಯೋ ಅಂದ್ರೆ ಬಿಸ್ಕತ್ತು, ಅದಕ್ಕೂ ಗೆರೆ ಹಾಕಿದೀಯಲ್ಲ" ಅಂತ ನಕ್ಕ.

ಅವನು ಗೇ ಹೌದೋ ಅಲ್ಲವೋ ಇವತ್ತಿಗೂ ಕೇಳಿಲ್ಲ. ಹೇಳಬೇಕು ಅನ್ನಿಸಿದಾಗ ಹೇಳ್ತಾನೆ. ನೀವೂ ಮಗಳನ್ನು ಕೇಳಬೇಡಿ. ಪುಸ್ತಕದ ಬಗ್ಗೆ ಮಾತಾಡಿ, ಅವಳ ಬಗ್ಗೆ ಅಲ್ಲ.

ಹಾಸನದ ಹುಡುಗಿ, ಈಗ ಬೆಂಗಳೂರಲ್ಲಿ ಕೆಲಸ:
ಆಂಟಿ, ಪುಸ್ತಕ ಓದಿದ ಮಾತ್ರಕ್ಕೆ ಅವಳು ಹಾಗೇ ಅಂದುಕೊಳ್ಳಬೇಡಿ. ನನ್ನ ತಂಗಿಯ ಕ್ಲಾಸಲ್ಲಿ ಆಲಿಸ್ ಓಸ್‌ಮನ್ ಅವರ 'ಹಾರ್ಟ್‌ಸ್ಟಾಪರ್' ಕೈಯಿಂದ ಕೈಗೆ ಓಡಾಡ್ತಿತ್ತು. ಎಲ್ಲರೂ ಸುಮ್ನೆ ಕಥೆ ಚೆನ್ನಾಗಿದೆ ಅಂತ ಓದಿದವರು. ನಿಮಗೂ ಅದೇ ಸುಲಭ, ಇಬ್ಬರು ಹುಡುಗರ ಪ್ರೀತಿಯನ್ನು ಚಿತ್ರಗಳಲ್ಲೇ ಹೇಳುವ ಪುಸ್ತಕ ಅದು. ಇಂಗ್ಲಿಷ್ ಕೈಕೊಟ್ಟ ಕಡೆ ಚಿತ್ರ ಕೈಹಿಡಿಯುತ್ತೆ.

ನಾನು ಮಾತ್ರ ಸುಮ್ನೆ ಓದಿದವಳಲ್ಲ. 2018ರಲ್ಲಿ ಪಿಯುಸಿ ಓದುವಾಗ ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' ಸಿಕ್ಕಿತು. ನಮ್ಮ ದೇಶದ್ದೇ ಶಾಲೆ, ನಮ್ಮಂಥದ್ದೇ ಮಕ್ಕಳು. ಆದರೆ ಅದರಲ್ಲಿ ಮುಸ್ಕಾನ್ ಆತ್ಮಹತ್ಯೆಗೆ ಪ್ರಯತ್ನಿಸುತ್ತಾಳೆ. ಒಬ್ಬಳೇ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊಡೋದಾದ್ರೆ ಮೊದಲು ನೀವು ಓದಿ. ಅದೇ ವರ್ಷ ಸೆಪ್ಟೆಂಬರ್ 6ಕ್ಕೆ, ವಯಸ್ಕರು ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಟಿವಿಯಲ್ಲಿ ಸುದ್ದಿ ಬರ್ತಿದ್ದ ಹಾಗೇ ಅಪ್ಪ ಚಾನೆಲ್ ಬದಲಿಸಿದರು. ಏನೂ ಬೈಯಲಿಲ್ಲ, ಬರೀ ರಿಮೋಟ್ ಒತ್ತಿದರು. ಅವತ್ತೇ ಬಾಯಿಗೆ ಬೀಗ ಹಾಕಿಕೊಂಡೆ. ಮನೆಯಲ್ಲಿ ಇಂಥ ಸಣ್ಣಪುಟ್ಟದ್ದನ್ನೂ ಮಕ್ಕಳು ನೋಡ್ತಾ ಇರ್ತಾರೆ ಆಂಟಿ.

ಸಕಲೇಶಪುರದ ಕನ್ನಡ ಮೇಷ್ಟ್ರು:
ಕನ್ನಡದಲ್ಲಿ ಓದಬೇಕೆಂದರೆ ವಸುಧೇಂದ್ರರ 'ಮೋಹನಸ್ವಾಮಿ' ಇದೆ, 2013ರ ಕಥಾಸಂಕಲನ. ದೊಡ್ಡವರ ಕಥೆಗಳು, ಮುಚ್ಚುಮರೆ ಇಲ್ಲ. ಹಾಗಾಗಿ ಅದು ನಿಮಗೆ, ಮಗಳಿಗೆ ಆಮೇಲೆ. ಇನ್ನೊಂದು ಮಾತು. "ಕರ್ಕೊಂಡು ಬನ್ನಿ, ಸರಿ ಮಾಡಿ ಕಳಿಸ್ತೀವಿ" ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ನೆಂಟರೊಬ್ಬರು ಹಾಗೆ ದುಡ್ಡೂ ಕಳಕೊಂಡರು, ಮಗನ ನಂಬಿಕೆಯನ್ನೂ ಕಳಕೊಂಡರು. ಇದು ಕಾಯಿಲೆ ಅಲ್ಲ ಅಂತ ಭಾರತೀಯ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ಮಗು ಮಂಕಾದಂತೆ ಕಂಡರೆ ಮಾತ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅವರೆಕಾಯಿ ಬಿಡಿಸುತ್ತಾ "ಹಾರ್ಟ್‌ಸ್ಟಾಪರ್ ಅಂದ್ರೇನೇ?" ಅಂತ ಕೇಳಿದೆ. ಕೈಯಲ್ಲಿದ್ದ ಕಾಯಿ ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದಳು. "ನಿಂಗ್ಯಾರು ಹೇಳಿದ್ರು?" ಅಂದಳು. ಯಾರೋ ಚೆನ್ನಾಗಿದೆ ಅಂದ್ರು ಅಂದೆ. ಮೊದಲ ಭಾಗ ಫ್ರೆಂಡ್ ಹತ್ತಿರ ಇದೆಯಂತೆ, ಭಾನುವಾರ ತರ್ತಾಳಂತೆ. ಅವರಪ್ಪನ ವಿಷಯ ಆಮೇಲೆ ನೋಡೋಣ.