ಫ್ರೀಜರ್ ಬಾಟಲಿ ಮುಳುಗಿಸಿದ್ರೆ ರೀಫ್ ಟ್ಯಾಂಕ್ ತಣ್ಣಗಿರುತ್ತಾ?

ಗುಂಪು: ತುಮಕೂರು ಪಿಯು ಸೈನ್ಸ್ ಗೆಳೆಯರು

ಮಂಜು: (ಫಾರ್ವರ್ಡ್ ಆದ ವಿಡಿಯೋ) "ನೀರು ತಣ್ಣಗಿಡೋ ಚಿಲ್ಲರ್ ಖರ್ಚು ಉಳಿಸಿ! ದಿನಕ್ಕೆರಡು ಸಲ ಐಸ್ ಆದ ಲೀಟರ್ ಬಾಟಲಿ ಮುಳುಗಿಸಿ, ಹವಳ ಸಾಕೋ ರೀಫ್ ಟ್ಯಾಂಕ್ ಸೇಫ್."

ಮಂಜು: ನೋಡ್ರಪ್ಪ, ಇದನ್ನ ಮಾಡ್ಬಹುದಾ? ನನ್ನದು 60 ಲೀಟರ್ ಉಪ್ಪುನೀರಿನ ಟ್ಯಾಂಕು. ಒಂದು ಜೋಡಿ ಕ್ಲೌನ್ ಮೀನು, ಜೋವಾಂಥಿಡ್, ಮಶ್ರೂಮ್, ಲೆದರ್ ಅನ್ನೋ ಮೆತ್ತನೆ ಹವಳಗಳು ಇವೆ. ಮಧ್ಯಾಹ್ನ ಮೂರಕ್ಕೆ ನೀರು 29.5 ಡಿಗ್ರಿ, ಬೆಳಗ್ಗೆ 27.

ರುದ್ರೇಶ: ಬೇಡ ಕಣೋ.

ಫಯಾಜ್: ಯಾಕೆ ಬೇಡ? ಮುಚ್ಚಳ ಬಿಗಿಯಾಗಿದ್ರೆ ಒಳಗಿನ ನೀರು ಬೆರೆಯಲ್ಲ. ತಣ್ಣಗಂತೂ ಆಗುತ್ತೆ.

ರುದ್ರೇಶ: ಆಗುತ್ತೆ, ಆದರೆ ಎಷ್ಟು ಬೇಗ ಆಗುತ್ತೆ ನೋಡು. ಒಂದು ಕೆಜಿ ಐಸ್ ಕರಗಿ 26ಕ್ಕೆ ಬರೋಷ್ಟರಲ್ಲಿ ಸುಮಾರು 475 ಕಿಲೋಜೂಲ್ ಎಳ್ಕೊಳ್ಳುತ್ತೆ. 60 ಲೀಟರ್ ಉಪ್ಪುನೀರು ಒಂದು ಡಿಗ್ರಿ ಇಳಿಯೋಕೆ 245 ಸಾಕು. ಅಂದ್ರೆ ಒಂದು ಬಾಟಲಿಗೆ ಹತ್ತಿರ ಹತ್ತಿರ 2 ಡಿಗ್ರಿ ಜಾರುತ್ತೆ. ಐಸ್ ಮುಗಿದ ಮೇಲೆ ರೂಮಿನ ಬಿಸಿ, ಪಂಪಿನ ಬಿಸಿ ಸೇರಿ ಸಂಜೆಯೊಳಗೆ ಮತ್ತೆ ಮೇಲೆ. ದಿನಕ್ಕೆರಡು ಬಾಟಲಿ ಅಂದ್ರೆ ದಿನಕ್ಕೆರಡು ಸಲ ಈ ಏರಿಳಿತ. ಒಂದೇ ಸಮ 28 ಇದ್ರೂ ತಡ್ಕೊಳ್ಳೋ ಲೆದರ್ ಇದಕ್ಕೆ ಮುದುಡಿಕೊಳ್ಳುತ್ತೆ.

ಫಯಾಜ್: ಅಂಡಮಾನ್ ಕಡೆ ಸಮುದ್ರವೇ 29 ಇರುತ್ತಲ್ಲ. ಅಲ್ಲಿ ಹವಳ ಬದುಕಲ್ವಾ? ಹಂಗಾದ್ರೆ ಇಳಿಸೋದೇ ಯಾಕೆ?

ಸವಿತಾ: ಬದುಕುತ್ತೆ ಫಯಾಜ್, ಆದರೆ ಅಲ್ಲಿನ ಹವಳ ಆ ಬಿಸಿಗೆ ಒಗ್ಗಿರುತ್ತೆ. ಆ ಜಾಗದ ಬೇಸಿಗೆ ತಿಂಗಳ ಸರಾಸರಿಗಿಂತ ಒಂದೇ ಡಿಗ್ರಿ ಹೆಚ್ಚಾಗಿ ನಾಲ್ಕು ವಾರ ನಿಂತರೂ ಸಾಕು, ಒಳಗಿನ ಪಾಚಿಯನ್ನ ಹೊರಗೆ ಹಾಕಿ ಬೆಳ್ಳಗಾಗೋಕೆ ಶುರು ಮಾಡುತ್ತೆ. 2024ರಲ್ಲಿ ಲಕ್ಷದ್ವೀಪದಲ್ಲಿ ಆಗಿದ್ದು ಇದೇ. ಇನ್ನು ಆಮ್ಲಜನಕ. ಸಮುದ್ರಮಟ್ಟದಲ್ಲಿ 26 ಡಿಗ್ರಿಯ ಉಪ್ಪುನೀರು ಲೀಟರಿಗೆ ಸುಮಾರು 6.6 ಮಿಲಿಗ್ರಾಂ ಹಿಡಿಯುತ್ತೆ, 30ರಲ್ಲಿ 6.2. ನಮ್ಮೂರು 800 ಮೀಟರಿಗೂ ಎತ್ತರದಲ್ಲಿರೋದ್ರಿಂದ ಗಾಳಿಯೊತ್ತಡ ಕಡಿಮೆ, ಅದರಲ್ಲಿ ನೂರಕ್ಕೆ ಒಂಬತ್ತರಷ್ಟು ಇನ್ನೂ ಹೋಗುತ್ತೆ. ಬಿಸಿ ಏರಿದಾಗ ಮೀನು ಉಸಿರಾಡೋದೂ ಜಾಸ್ತಿ. ರಾತ್ರಿ ಲೈಟ್ ಆರಿದ ಮೇಲೆ ಹವಳವೂ ಆಮ್ಲಜನಕ ತಿನ್ನುತ್ತೆ. ಕ್ಲೌನ್ ಮೇಲೆ ಬಂದು ಬಾಯಿ ಬಿಡ್ತಿದ್ರೆ ಅದಕ್ಕೇ.

ಮಂಜು: ಬೆಳಗಿನ ಜಾವ ಬಾಯಿ ಬಿಡ್ತವೆ, ಹೌದು.

ಸವಿತಾ: ಹಂಗಾದ್ರೆ ಇವತ್ತೇ ಅಲೆ ಎಬ್ಬಿಸೋ ವೇವ್‌ಮೇಕರ್ ಮೂತಿ ಮೇಲಕ್ಕೆ ತಿರುಗಿಸು, ನೀರಿನ ಮೇಲ್ಮೈ ಚೆನ್ನಾಗಿ ಕದಡಬೇಕು.

ರುದ್ರೇಶ: ಆಮೇಲೆ ಗಾಜಿನ ಮುಚ್ಚಳ ತೆಗೆದು ಬಲೆ ಹಾಕು, ಇಲ್ಲಾಂದ್ರೆ ಮೀನು ಹಾರಿ ಹೊರಗೆ ಬೀಳುತ್ತೆ. 12 ವೋಲ್ಟಿನ 120 ಎಂಎಂ ಕಂಪ್ಯೂಟರ್ ಫ್ಯಾನ್ ತಂದು, ಗಾಳಿ ಓರೆಯಾಗಿ ನೀರಿನ ಮೇಲೆ ಹರಿಯೋ ಹಾಗೆ ಕೂರಿಸು. ನೇರ ಕೆಳಕ್ಕೆ ಊದಿಸಿದ್ರೆ ಒಂದೇ ಕಡೆ ಗುಂಡಿ ಬೀಳುತ್ತೆ, ಉಪ್ಪು ಎಲ್ಲಾ ಕಡೆ ಸಿಡಿಯುತ್ತೆ. ಒಂದು ಲೀಟರ್ ನೀರು ಆವಿಯಾಗೋಕೆ ಸುಮಾರು 2430 ಕಿಲೋಜೂಲ್ ಬೇಕು, ಅದರ ಬಹುಪಾಲು ಟ್ಯಾಂಕಿನ ನೀರಿಂದಲೇ ಹೋಗುತ್ತೆ. ಒಂದು ಲೀಟರ್ ಐಸಿಗಿಂತ ಐದು ಪಟ್ಟು! ಅದೂ ಇಡೀ ದಿನ ನಿಧಾನಕ್ಕೆ. ದಿನಕ್ಕೆ ಒಂದು ಲೀಟರ್ ಆವಿ ಅಂದ್ರೆ 28 ವಾಟ್ ಬಿಸಿ ಸತತವಾಗಿ ಆಚೆ ಹೋದ ಲೆಕ್ಕ.

ಫಯಾಜ್: ಮಂಗಳೂರಲ್ಲಿ ಫ್ಯಾನ್ ಹಾಕಿದ್ರೆ ಒಂದು ಡಿಗ್ರಿನೂ ಇಳಿಯಲ್ಲ ಅಂತಾರೆ. ಅದಕ್ಕೇನಂತೀಯ?

ರುದ್ರೇಶ: ಅದೂ ನಿಜ. ಅಲ್ಲಿ 33 ಡಿಗ್ರಿ, ತೇವಾಂಶ ನೂರಕ್ಕೆ 70 ಇದ್ರೆ ಫ್ಯಾನ್ ಎಷ್ಟೇ ತಿರುಗಿದ್ರೂ 28ರ ಕೆಳಗೆ ಇಳಿಸೋಕಾಗಲ್ಲ. ನಮ್ಮ ಏಪ್ರಿಲ್ ಮಧ್ಯಾಹ್ನ 35 ಇದ್ರೂ ತೇವಾಂಶ 30ರ ಆಸುಪಾಸು, ಇಲ್ಲಿ ಆ ಮಿತಿ ಸುಮಾರು 22. ಮಣ್ಣಿನ ಹೂಜಿ ನೀರು ಇಲ್ಲಿ ತಣ್ಣಗಾಗೋ ಹಾಗೆ ಕರಾವಳೀಲಿ ಆಗಲ್ವಲ್ಲ, ಅದೇ ಕಾರಣ. ಮಳೆಗಾಲದಲ್ಲಿ ಇಲ್ಲೂ ಫ್ಯಾನಿನ ಶಕ್ತಿ ಕುಗ್ಗುತ್ತೆ, ಆದರೆ ಆಗ ರೂಮೇ ತಂಪಾಗಿರುತ್ತೆ.

ಸವಿತಾ: ಫ್ಯಾನ್ ಹಾಕಿದ್ಮೇಲೆ ನಿಜವಾದ ಕೆಲಸ ನೀರು ತುಂಬೋದು ಮಂಜು, ಇದನ್ನ ಯಾರೂ ವಿಡಿಯೋದಲ್ಲಿ ಹೇಳಲ್ಲ. ಆವಿಯಾಗೋದು ಸಿಹಿನೀರು, ಉಪ್ಪು ಒಳಗೇ ಉಳಿಯುತ್ತೆ. 60ರಲ್ಲಿ 2 ಲೀಟರ್ ಹೋದ್ರೆ ಉಪ್ಪಿನಂಶ ಸಾವಿರಕ್ಕೆ 35ರಿಂದ 36.2ಕ್ಕೆ ಏರುತ್ತೆ. ನೀರು ಇಳಿದಾಗ ತಾನೇ ತುಂಬೋ, ಫ್ಲೋಟ್ ಇರೋ ಆಟೋ ಟಾಪ್‌ಅಪ್ ಹಾಕಿಸು. ಆಗಲ್ಲ ಅಂದ್ರೆ ಗಾಜಿನ ಮೇಲೆ ಟೇಪ್ ಗುರುತು ಮಾಡಿ ಬೆಳಗ್ಗೆ ಸಂಜೆ ತುಂಬು. ತುಂಬೋದು ಸಿಹಿನೀರೇ, ಉಪ್ಪು ಕಲಸಿದ್ದಲ್ಲ.

ಮಂಜು: ಅಡುಗೆಮನೆ ಆರ್‌ಒ ನೀರು ನಡೆಯುತ್ತಲ್ವಾ?

ಸವಿತಾ: ಕರಗಿದ ಲವಣ ಅಳೆಯೋ ಟಿಡಿಎಸ್ ಮೀಟರ್ ಅದ್ದಿ ನೋಡು. ಮನೆ ಆರ್‌ಒದಲ್ಲಿ ರುಚಿಗೆ ಅಂತ ಒಂದು ವಾಲ್ವ್ ಇರುತ್ತೆ, ಅದು ಬೋರ್‌ವೆಲ್ ನೀರನ್ನ ಸ್ವಲ್ಪ ಬೆರೆಸಿ ಬಿಡುತ್ತೆ. 60, 80 ತೋರಿಸಿದ್ರೆ ಬೇಡ. ತುಂಬಿದ ನೀರು ಆವಿಯಾಗಿ ಹೋಗುತ್ತೆ, ಅದರ ಸಿಲಿಕೇಟ್, ಫಾಸ್ಫೇಟ್ ಟ್ಯಾಂಕಲ್ಲೇ ಕೂಡ್ತಾ ಹೋಗುತ್ತೆ. ಎರಡು ಮೂರು ತಿಂಗಳಲ್ಲಿ ಕಂದು ಪಾಚಿ. ಆ ವಾಲ್ವ್ ಪೂರ್ತಿ ಮುಚ್ಚಿ, ಕೊನೆಗೆ ಉಳಿದ ಲವಣ ಹೀರೋ ಒಂದು ಡಿಐ ರೆಸಿನ್ ಕಾರ್ಟ್ರಿಜ್ ಸೇರಿಸಿದ್ರೆ 0ಗೆ ಬರುತ್ತೆ.

ಫಯಾಜ್: ಇಷ್ಟೆಲ್ಲಾ ಪಾಡು ಪಡೋ ಬದಲು ಚಿಲ್ಲರ್ ತಗೊಳ್ಳಲಿ. ವಾರ ಊರಿಗೆ ಹೋದ್ರೂ ಚಿಂತೆ ಇಲ್ಲ.

ರುದ್ರೇಶ: 200 ಲೀಟರ್ ಇದ್ದಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. 60 ಲೀಟರಿಗೆ ಅದು ಅತಿ. ಮತ್ತೆ ಅದು ಎಳೆದ ಬಿಸಿಯನ್ನ ಅದೇ ರೂಮಿಗೆ ಬಿಡುತ್ತೆ. ಸ್ಟ್ಯಾಂಡಿನ ಬಾಗಿಲೊಳಗೆ ಇಟ್ರಂತೂ ತನ್ನ ಬಿಸಿಯಲ್ಲೇ ತಾನು ದುಡೀತಿರುತ್ತೆ. ಅದಕ್ಕಿಂತ ಮೊದಲು ಒಳಗಿನ ಪಂಪ್ ಎಷ್ಟು ವಾಟ್ ನೋಡು ಮಂಜು.

ಮಂಜು: ಎಸಿ ಪಂಪು, 20 ವಾಟ್ ಅಂತ ಬರೆದಿದೆ.

ರುದ್ರೇಶ: ನೋಡ್ದಾ? ಫ್ಯಾನ್ ಹೊರಹಾಕೋ 28ರಲ್ಲಿ 20 ಇದೇ ತಿಂದುಬಿಡುತ್ತೆ. ಮುಳುಗಿರೋ ಪಂಪಿನ ಕರೆಂಟ್ ಹೆಚ್ಚುಕಮ್ಮಿ ಎಲ್ಲಾ ನೀರಿಗೇ ಬಿಸಿಯಾಗಿ ಇಳಿಯುತ್ತೆ. 6 ವಾಟಿನ ಡಿಸಿ ಪಂಪ್ ಹಾಕು.

ಫಯಾಜ್: ಪಂಪ್ ವಿಚಾರ ಒಪ್ದೆ. ಡಿಸೆಂಬರಲ್ಲಿ ರಾತ್ರಿ 15, 16ಕ್ಕೆ ಇಳಿದಾಗ?

ರುದ್ರೇಶ: ಆಗ 50 ವಾಟ್ ಹೀಟರ್. ಫ್ಯಾನ್, ಹೀಟರ್ ಎರಡಕ್ಕೂ ಸೇರಿ, ಉಷ್ಣತೆ ನೋಡಿ ಆನ್ ಆಫ್ ಮಾಡೋ ಒಂದೇ ಎಸ್‌ಟಿಸಿ-1000 ಕಂಟ್ರೋಲರ್. ಅದರಲ್ಲಿ ಎಫ್1 (ಬೇಕಾದ ಉಷ್ಣತೆ) 25.5, ಎಫ್2 (ಎಷ್ಟು ಹೆಚ್ಚುಕಮ್ಮಿ ಆಗಬಹುದು) 0.5 ಇಡು. 26ಕ್ಕೆ ಫ್ಯಾನ್ ಶುರು, 25ಕ್ಕೆ ಹೀಟರ್ ಶುರು, ಎರಡೂ 25.5ಕ್ಕೆ ನಿಲ್ಲುತ್ತವೆ. ಎಫ್3 ಕಂಪ್ರೆಸರ್‌ಗೆ ಇರೋದು, ಮತ್ತೆ ಶುರುವಾಗೋ ಮುಂಚೆ ಕಾಯೋ ಸಮಯ ಅದು, ನಿನಗೆ 1 ನಿಮಿಷ ಸಾಕು. ಒಳ್ಳೆ ಥರ್ಮಾಮೀಟರ್ ಪಕ್ಕ ಇಟ್ಟು ವ್ಯತ್ಯಾಸವನ್ನ ಎಫ್4ರಲ್ಲಿ ಸರಿಮಾಡು.

ಸವಿತಾ: ಸೆನ್ಸರ್ ಗಟ್ಟಿಯಾಗಿ ಕಟ್ಟಬೇಕು ಅನ್ನೋದನ್ನ ಬಿಟ್ಟೆ ರುದ್ರೇಶ. ರಬ್ಬರ್ ಕಪ್ ಸಡಿಲವಾಗಿ ಸೆನ್ಸರ್ ಗಾಳಿಗೆ ಬಂದ್ರೆ, ಚಳಿಯಲ್ಲಿ ಅದು ರೂಮಿನ 17 ಓದುತ್ತೆ, ಹೀಟರ್ ಆಫ್ ಆಗೋದೇ ಇಲ್ಲ. ಕಂಟ್ರೋಲರ್ ಒಳಗಿನ ಸ್ವಿಚ್ (ರಿಲೇ) ಅಂಟಿಕೊಂಡರೂ ಅದೇ ಗತಿ. ಅದಕ್ಕೆ ಹೀಟರ್ ಮೇಲಿನ ಗುಂಡಿಯನ್ನ 26.5ಕ್ಕೆ ತಿರುಗಿಸಿಡು, ಅದು ಎರಡನೇ ಬೀಗ. 100 ವಾಟ್ ಬೇಡ, 50 ಇದ್ರೆ ಕೆಟ್ಟರೂ ನೋಡಿ ಪ್ಲಗ್ ಕೀಳೋಕೆ ಸಮಯ ಸಿಗುತ್ತೆ.

ಮಂಜು: ಇದೆಲ್ಲಾ ಸರಿಹೋದ್ಮೇಲೆ ಹ್ಯಾಮರ್ ಕೋರಲ್ ತರೋಣ ಅಂತಿದ್ದೆ.

ಸವಿತಾ: ಬೇಡ. ಹ್ಯಾಮರ್ ಗಟ್ಟಿ ಹವಳ. ಗಟ್ಟಿ ಹವಳಗಳೆಲ್ಲಾ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿವೆ. ಅಂಗಡಿಯವರು ಕೊಟ್ರೂ ತಗೋಬೇಡ.

ಫಯಾಜ್: ಒಂದು ಮಾತು ಮಾತ್ರ ಬಿಡಲ್ಲ. ಮೇ ತಿಂಗಳಲ್ಲಿ ನಾಲ್ಕು ಗಂಟೆ ಕರೆಂಟ್ ಹೋದ್ರೆ ಬಾಟಲಿ ಬಿಟ್ಟು ಬೇರೆ ಏನಿದೆ?

ರುದ್ರೇಶ: 12 ವೋಲ್ಟ್ ಫ್ಯಾನ್ 3 ವಾಟ್ ತಿನ್ನುತ್ತೆ, 7 ಎಎಚ್ ಬ್ಯಾಟರಿಯಲ್ಲಿ ಇಡೀ ದಿನ ಓಡುತ್ತೆ. ಇನ್ವರ್ಟರ್ ಇದ್ರೆ ವೇವ್‌ಮೇಕರೂ ಅದರ ಮೇಲೇ ಹಾಕು. ಅಷ್ಟಾದ್ರೂ 28.5 ದಾಟಿದ್ರೆ ಆಗ ನಿನ್ನ ಬಾಟಲಿ, ಒಪ್ತೀನಿ. ಆದರೆ ಲೀಟರ್ ಅಲ್ಲ, 250 ಎಂಎಲ್. ಅರ್ಧ ಡಿಗ್ರಿ ಇಳಿಸುತ್ತೆ. ಅರ್ಧ ಗಂಟೆ ಬಿಟ್ಟು ಥರ್ಮಾಮೀಟರ್ ನೋಡಿ ಮುಂದಿನದು.

ಫಯಾಜ್: ಮುಕ್ಕಾಲು ತುಂಬಿಸಿ ಫ್ರೀಜ್ ಮಾಡು ಮಂಜು. ಪೂರ್ತಿ ತುಂಬಿಸಿದ್ರೆ ಐಸ್ ಉಬ್ಬಿ ಬಾಟಲಿ ಸೀಳುತ್ತೆ. ಸೋರಿದ್ರೂ ತೊಂದರೆ ಆಗದ ಹಾಗೆ ಒಳಗೂ ಆ ಡಿಐ ನೀರೇ ಇರಲಿ.