ಹ್ಯಾಮಿಂಗ್ (7,4): ಎರಡು ಬಿಟ್ ಕೆಟ್ಟರೆ ಡಿಕೋಡರ್ ಮೂರನೆಯದನ್ನೂ ಕೆಡಿಸುವುದೇಕೆ?

ಪ್ರಶ್ನೆ: 4 ದತ್ತಾಂಶ ಬಿಟ್‌ಗಳಿಗೆ 3 ತಪಾಸಣಾ ಬಿಟ್ ಸೇರಿಸುವ ಹ್ಯಾಮಿಂಗ್ (7,4) ಕೋಡ್‌ಗೆ ಡಿಕೋಡರ್ (ಬಂದ ಬಿಟ್ ಪರೀಕ್ಷಿಸಿ ತಿದ್ದುವ ಪ್ರೋಗ್ರಾಂ) ಬರೆದಿದ್ದೇನೆ. ಒಂದು ಬಿಟ್ ತಪ್ಪಿದರೆ ಸರಿಯಾಗುತ್ತದೆ. 3 ಮತ್ತು 5ನೇ ಬಿಟ್ ಒಟ್ಟಿಗೆ ತಿರುಗಿಸಿದರೆ 6ನೆಯದೂ ಬದಲಾಗುತ್ತದೆ, ದೋಷದ ಸೂಚನೆಯೇ ಇಲ್ಲ. ಕೋಡಿಂಗ್ ತಪ್ಪೇ?

ಉತ್ತರ 1: ನಿಮ್ಮ ಪ್ರೋಗ್ರಾಂ ಸರಿಯಾಗಿದೆ. ಯಾವುದೇ ಎರಡು ಕೋಡ್‌ಪದಗಳು (ನಿಯಮಕ್ಕೆ ಹೊಂದುವ 7 ಬಿಟ್ ಸಾಲುಗಳು) ಕನಿಷ್ಠ 3 ಬಿಟ್‌ಗಳಲ್ಲಿ ಬೇರೆ, ಅಂದರೆ ಕನಿಷ್ಠ ದೂರ 3, ಹಾಗಾಗಿ ಒಂದೇ ದೋಷ ತಿದ್ದಬಹುದು. ದೋಷದ ಸ್ಥಾನ ಹೇಳುವ ಸಂಖ್ಯೆಯೇ ಸಿಂಡ್ರೋಮ್; ಎರಡು ದೋಷವಿದ್ದರೆ ಅದು ಎರಡೂ ಸ್ಥಾನಗಳ ಎಕ್ಸಾರ್ (ಬಿಟ್ ಬೇರೆಯಿದ್ದಲ್ಲಿ 1, ಒಂದೇ ಇದ್ದಲ್ಲಿ 0). 011 (3) ಮತ್ತು 101ರ (5) ಎಕ್ಸಾರ್ 110, ಅಂದರೆ 6. ಅದನ್ನೂ ತಿರುಗಿಸಿದ ಮೇಲೆ ಸಿಂಡ್ರೋಮ್ ಸೊನ್ನೆ; ಸಿಕ್ಕಿದ್ದು ಬೇರೊಂದು ಮಾನ್ಯ ಕೋಡ್‌ಪದ.

ಉತ್ತರ 2: ಎಂಟನೆಯದಾಗಿ ಒಟ್ಟು ಪ್ಯಾರಿಟಿ ಬಿಟ್ (1ಗಳ ಸಂಖ್ಯೆಯನ್ನು ಸಮವಾಗಿಸುವ ಬಿಟ್) ಸೇರಿಸಿ. ಸಿಂಡ್ರೋಮ್ ಸೊನ್ನೆಯಲ್ಲ, ಆದರೂ ಪ್ಯಾರಿಟಿ ಸರಿಯಿದೆ ಎಂದರೆ ಎರಡು ದೋಷ: ತಿದ್ದಲು ಹೋಗಬೇಡಿ, ಮತ್ತೆ ಕಳಿಸಲು ಕೇಳಿ. ಹ್ಯಾಮಿಂಗ್ 1950ರ ಲೇಖನದಲ್ಲೇ ಇದನ್ನು ಕೊಟ್ಟಿದ್ದಾರೆ, ಓದಲೇಬೇಕಾದದ್ದು.

ಉತ್ತರ 3: ದೋಷಗಳು ಸಾಲಾಗಿ ಬರುತ್ತವೆಯೇ? ಹೀಗೆ 8 ಬಿಟ್‌ನ ಎಂಟು ಪದಗಳನ್ನು ಅಡ್ಡಸಾಲಾಗಿ ಬರೆದು ಕಂಬಸಾಲಾಗಿ ಕಳಿಸಿ. ಸತತ 8 ಬಿಟ್ ಹೋದರೂ ಪದಕ್ಕೊಂದೇ ದೋಷ. 64 ಬಿಟ್ ಬಫರ್ ಬೇಕು, ಅಷ್ಟು ವಿಳಂಬವೂ ಆಗುತ್ತದೆ.