ಅಪ್‌ಡೇಟ್: ಮಗಳಿಗೆ ಹುಷಾರಿಲ್ಲ ಅಂತ ರಜೆ ಕೇಳಿದ್ದು ಏನಾಯ್ತು

ಮಗುವಿಗೆ ಹುಷಾರಿಲ್ಲ ಅಂತ ರಜೆ ಹಾಕಿದರೆ ಸಂಬಳ ಹಿಡಿಯಬಹುದಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಮೂರು ವರ್ಷದ ಮಗಳಿಗೆ ಕೈ, ಕಾಲು, ಬಾಯಿಯ ತುಂಬಾ ಗುಳ್ಳೆ, ಡೇ ಕೇರ್‌ನವರು ಕಳಿಸಬೇಡಿ ಅಂದಿದ್ದರು, ಆಫೀಸಿನಲ್ಲಿ ಮಾತ್ರ "ಸಿಕ್ ಲೀವ್ ನಿಮಗೆ ಹುಷಾರಿಲ್ಲದಿದ್ದರೆ ಮಾತ್ರ" ಅಂತ ಮೂರು ದಿನದ ಸಂಬಳ ಹಿಡಿದಿದ್ದರು.

ಇಲ್ಲೇ ಒಬ್ಬರು ಕಾಯ್ದೆ ಓದಿ ನೋಡಿ ಅಂದಿದ್ದರಲ್ವಾ, ಅವರಿಗೆ ತುಂಬಾ ಥ್ಯಾಂಕ್ಸ್. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ, ಅದು ಕಾಯಿಲೆ, ಅಪಘಾತಕ್ಕಷ್ಟೇ ಅಲ್ಲ, "ಬೇರೆ ಯಾವುದೇ ಸೂಕ್ತ ಕಾರಣ"ಕ್ಕೂ ಸಿಗುತ್ತದೆ. ಮಗು ಜ್ವರದಲ್ಲಿ ಮಲಗಿರುವುದಕ್ಕಿಂತ ಸೂಕ್ತ ಕಾರಣ ಇನ್ನೇನಿದೆ? ಆ ಸಾಲನ್ನೇ ಹಾಕಿ, ಡಾಕ್ಟರ್ ಚೀಟಿ ಲಗತ್ತಿಸಿ ಎಚ್‌ಆರ್‌ಗೆ ಮೇಲ್ ಕಳಿಸಿದೆ. ಜಗಳ ಮಾಡಲಿಲ್ಲ.

ಐದು ದಿನ ಉತ್ತರವೇ ಇಲ್ಲ. ಆಮೇಲೆ ಕರೆದು ಮಾತಾಡಿದರು, ಮೂರು ದಿನದ ಸಂಬಳ ಈ ತಿಂಗಳು ಸೇರಿಸಿ ಕೊಟ್ಟಿದ್ದಾರೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದಿತ್ತು, ಅದನ್ನೂ ಕೇಳಿದೆ. "ನೋಡೋಣ" ಅಂದರು. ಬಿಡಲ್ಲ, ಮತ್ತೆ ಕೇಳ್ತೀನಿ.

ಮಗಳು ಈಗ ಆರಾಮ. ಬಾಯಿ ಉರಿ ಅಂತ ನಾಲ್ಕು ದಿನ ಬರೀ ತಣ್ಣನೆ ಮೊಸರನ್ನ, ಅದೂ ಚಮಚದ ತುದಿಯಲ್ಲಿ ಇಷ್ಟಿಷ್ಟೇ. ಆಗ ಪಕ್ಕದಲ್ಲಿ ನಾನಿದ್ದೆ, ಅದೇ ನನಗೆ ಸಮಾಧಾನ. ನಿನ್ನೆ ಡೇ ಕೇರ್‌ಗೆ ತಾನೇ ಚಪ್ಪಲಿ ಹಾಕಿಕೊಂಡು ಹೊರಟಳು.